ಮೂವತ್ತನಾಲ್ಕು ಇಂಚು

ಹೊಸ ಅಡುಗೆಮನೆ ಬೇಕು ಎಂದು ಅವ್ವ ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಅವತ್ತಿನಿಂದ ಅದರ ಬಗ್ಗೆ ಗಂಟಲು ಹರಿದುಕೊಂಡವರೆಲ್ಲ ಒಂದು ದಿನವೂ ಒಲೆ ಮುಂದೆ ನಿಲ್ಲದವರು. ಮೊದಲು ಅಣ್ಣ, ಆಮೇಲೆ ಅಪ್ಪ, ಎಲ್ಲರಿಗಿಂತ ಜೋರಾಗಿ ನಾನು.

ಎರಡು ಸಾವಿರದ ಮೂರನೇ ಇಸವಿಯ ಏಪ್ರಿಲ್ ತಿಂಗಳು. ಅವ್ವ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹದಿನೇಳು ವರ್ಷ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು, ಯಾರೋ ಹಾಕಿಕೊಳ್ಳುವ ಶರ್ಟುಗಳ ದಾರ ಕತ್ತರಿಸಿ, ಮಂಡಿ ಸವೆದ ಮೇಲೆ ಕೆಲಸ ಬಿಟ್ಟಿದ್ದಳು. ಪಿಎಫ್ಫು, ಗ್ರಾಚ್ಯುಟಿ ಎಲ್ಲ ಸೇರಿ ಅರವತ್ತೆರಡು ಸಾವಿರ ಕೈಗೆ ಬಂತು. ಆ ಭಾನುವಾರ ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದಾಗ, ಅಪ್ಪನ ತಟ್ಟೆಗೆ ಎರಡನೇ ಮುದ್ದೆ ಹಾಕುತ್ತಾ ಅಂದಳು.

“ಈ ದುಡ್ಡು ಯಾರಿಗೂ ಕೊಡಲ್ಲ. ಅಡುಗೆಮನೆ ಮಾಡಿಸ್ಕೋತೀನಿ. ನಿಂತ್ಕೊಂಡು ಪಾತ್ರೆ ತೊಳ್ಯೋಕೆ ಒಂದು ಸಿಂಕು. ಬಾಗ್ಲಿರೋ ಕಪಾಟು. ಜಿರಳೆ ಬರಬಾರ್ದು. ಅಷ್ಟೇ.”

ಅಪ್ಪ, ನೀರಿನ ವಾಲ್ವು ತಿರುಗಿಸುವ ಕೆಲಸದಿಂದ ರಿಟೈರಾಗಿ ಮನೆಯಲ್ಲೇ ಇರುವ ಸಂಜೀವಯ್ಯ, ತಲೆ ಎತ್ತದೆ ಕೇಳಿದ. “ಇರೋ ಕಟ್ಟೆಗೆ ಏನಾಗೈತೆ? ನಮ್ಮಪ್ಪ ಕಟ್ಟಿದ್ದು.”

“ಮಾವ ಚೆನ್ನಾಗೇ ಕಟ್ಟವ್ರೆ. ಸಿಂಕ್ ಕಟ್ಟಿಲ್ಲ. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜೋಳು ನಾನು, ನೀವಲ್ಲ.”

ನಮ್ಮದು ಯಡಿಯೂರು ಕೆರೆಯ ಹಿಂದಿನ ಹಳೇ ಊರು. ತಾತ ಗೂಳಪ್ಪ ಗಾರೆ ಕೆಲಸದವನು. ಜಯನಗರದ ಬ್ಲಾಕುಗಳು ಏಳುವಾಗ ಊರವರಿಗೆಲ್ಲ ಮನೆ ಕಟ್ಟಿ, ಉಳಿದ ಇಟ್ಟಿಗೆಯಲ್ಲಿ ನಮ್ಮ ಮನೆ ಕಟ್ಟಿದ. ಅವ್ವ ಮದುವೆಯಾಗಿ ಬಂದ ಮೂರನೇ ದಿನ ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೂಲು ಹಿಡಿದು ಅಳತೆ ತೆಗೆದುಕೊಂಡು, ಎರಡಡಿ ಎತ್ತರಕ್ಕೆ ಇಟ್ಟಿಗೆ ಏರಿಸಿ ಕಡಪ ಕಲ್ಲು ಕೂರಿಸಿದನಂತೆ. ಅವ್ವ ಇರುವುದು ನಾಲ್ಕಡಿ ಎಂಟಿಂಚು. ಇದನ್ನು ಅವಳು ನಮಗೆ ನೂರು ಸಲ ಹೇಳಿದ್ದಾಳೆ. ನೂರು ಸಲ ಕೇಳಿದ್ದು ಕಿವಿಗೆ ಬೀಳುವುದಿಲ್ಲ.

“ನಾನು ಮಾಡ್ಕೊಡ್ತೀನಿ ಕಣವ್ವ” ಅಂದೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಏಳು ವರ್ಷದಿಂದ ಸಾರಕ್ಕಿಯ ಪಿಳ್ಳಣ್ಣನ ಮರಗೆಲಸದ ಶೆಡ್ಡಿನಲ್ಲಿ ಹಲಗೆ ಕುಯ್ಯುತ್ತಿದ್ದೆ. ನಾವು ಮಾಡುತ್ತಿದ್ದುದೇ ಅಡುಗೆಮನೆಯ ಬಾಕ್ಸು, ಬಾಗಿಲು. “ಒಳ್ಳೆ ಪ್ಲೈವುಡ್, ಮೇಲೆ ಸನ್ಮೈಕಾ, ಸಿಂಕು, ಕಲ್ಲು ಎಲ್ಲಾ ಸೇರಿ ನಲವತ್ತು ಸಾವಿರ. ಉಳಿದಿದ್ದು ನಿನ್ನ ಕೈಲಿರ್ಲಿ.”

ಅಣ್ಣ ಪ್ರಮೋದ ಪಕ್ಕನೆ ನಕ್ಕ. ಅವನು ಮೂರನೇ ಬ್ಲಾಕಿನ ಒಂದು ಫೈನಾನ್ಸ್ ಆಫೀಸಿನಲ್ಲಿ ಗುಮಾಸ್ತ. ಶರ್ಟಿನ ಜೇಬಿನಲ್ಲಿ ಎರಡು ಪೆನ್ನು.

“ಯಾಕೋ ನಗ್ತೀಯ?”

“ಏನಿಲ್ಲಪ್ಪ. ಬಚ್ಚಲ ಬಾಗ್ಲು ನೆನಪಾಯ್ತು.”

ಅಪ್ಪನಿಗೆ ಅಷ್ಟೇ ಸಾಕಾಯಿತು. “ಅದೇ ಮತ್ತೆ! ಎಂಟು ತಿಂಗಳಾಯ್ತು ಚಿಲಕ ಕಿತ್ತೋಗಿ. ಮನೇಲಿ ಬಡಗಿ ಅವ್ನೆ. ಹೆಂಗಸ್ರು ಬಾಗ್ಲಿಗೆ ಬಕೀಟು ಒತ್ತಿಟ್ಕೊಂಡು ಸ್ನಾನ ಮಾಡ್ತಾವ್ರೆ. ಇವ್ನು ಅಡುಗೆಮನೆ ಕಟ್ತಾನಂತೆ!”

“ಚಿಲಕ ಹಾಕೋದು ಅರ್ಧ ಗಂಟೆ ಕೆಲ್ಸ.”

“ಅರ್ಧ ಗಂಟೆ ಕೆಲ್ಸ ಎಂಟು ತಿಂಗ್ಳಾದ್ರೆ, ಅಡುಗೆಮನೆಗೆ ಎಷ್ಟು ವರ್ಷ ಅಂತ ನೀನೇ ಲೆಕ್ಕ ಹಾಕು.”

ನಾನು ತಟ್ಟೆ ತಳ್ಳಿ ಎದ್ದೆ. ತಪ್ಪು ನನ್ನದೇ ಆದಾಗಲೇ ನನಗೆ ಸಿಟ್ಟು ಹೆಚ್ಚು.

ಮುಂದಿನ ಭಾನುವಾರ ನಾಲ್ಕನೇ ಬ್ಲಾಕಿನ ಹತ್ತಿರದ ಒಂದು ಶೋರೂಮಿಗೆ ಹೋದೆವು. ಅಣ್ಣ, ಅತ್ತಿಗೆ, ಅವ್ವ ಒಂದು ಆಟೋದಲ್ಲಿ. ನಾನು ಸೈಕಲ್ಲು ತುಳಿದುಕೊಂಡು ಹಿಂದೆ. ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಒಳಗೆ ಏಸಿ, ಕಾಲಿಟ್ಟರೆ ಮುಖ ಕಾಣುವ ನೆಲ, ಬಾಳೆಹಣ್ಣು ಸೇಬು ತುಂಬಿದ ಪ್ಲಾಸ್ಟಿಕ್ ಬುಟ್ಟಿಗಳು. ಅವ್ವ ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದಳು.

“ಅಯ್ಯೋ ಪರ್ವಾಗಿಲ್ಲ ಆಂಟಿ, ಹಾಕ್ಕೊಂಡೇ ಬನ್ನಿ” ಅಂದ ಟೈ ಕಟ್ಟಿದ ಹುಡುಗ. ಎದೆಯ ಮೇಲೆ ರವಿಕುಮಾರ ಎಂಬ ಪಟ್ಟಿ. ಅವ್ವ ಹಾಕಿಕೊಳ್ಳಲಿಲ್ಲ. ಅವನು ಅಣ್ಣನ ಕಡೆ ತಿರುಗಿದ. “ಬಜೆಟ್ ಎಷ್ಟಿದೆ ಸಾರ್?”

“ಅರವತ್ತರ ಒಳಗೆ” ಅಂದುಬಿಟ್ಟ ಅಣ್ಣ.

ಕತ್ತು ಹಿಸುಕಬೇಕು ಅನ್ನಿಸಿತು. ಬಜೆಟ್ಟು ಮೊದಲೇ ಹೇಳಿದವನಿಗೆ ಬಿಲ್ಲು ಅಷ್ಟೇ ಬರುತ್ತದೆ. ಅಳತೆ ಕೇಳುವ ಮೊದಲೇ, ನಕ್ಷೆ ಬರೆಯುವ ಮೊದಲೇ, ಐವತ್ತೆಂಟು ಸಾವಿರದ ಅಡುಗೆಮನೆಯೊಂದು ರೆಡಿಯಾಗಿ ನಮ್ಮ ಮುಂದೆ ಬಂದು ನಿಂತಿತು. ಹತ್ತು ವರ್ಷ ವಾರಂಟಿ, ಚಿಮಣಿ ಫ್ರೀ, ವೈನ್ ಬಣ್ಣದ ಬಾಗಿಲು.

“ಕಲರ್ ಸಖತ್ತಾಗಿದೆ ಅಲ್ವಾ ಅತ್ತೆ?” ಅಂದರು ಶಾಲಿನಿ ಅತ್ತಿಗೆ. ಅದೇ ನಾಲ್ಕನೇ ಬ್ಲಾಕಿನ ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿನಲ್ಲಿ ಕೂರುವ ಅವರಿಗೆ ಇಂಥ ಜಾಗಗಳ ಭಯ ಇರಲಿಲ್ಲ.

ನಾನು ಸಿಂಕಿನ ಕೆಳಗಿನ ಬಾಗಿಲು ತೆಗೆದು, ಮಂಡಿಯೂರಿ, ಒಳಗಿನ ಹಲಗೆಯನ್ನು ಬೆರಳ ಗಿಣ್ಣಿನಲ್ಲಿ ಕುಟ್ಟಿದೆ. ಡಬ್ ಡಬ್ ಅಂತು. ಅಂಚಿನ ಟೇಪನ್ನು ಉಗುರಿನಲ್ಲಿ ಎಬ್ಬಿಸಿದೆ.

“ಇದು ಪ್ಲೈವುಡ್ ಅಲ್ಲ. ಮರದ ಪುಡಿ ಅಂಟಾಕಿ ಒತ್ತಿರೋ ಬೋರ್ಡು. ನೀರು ತಾಗಿದ್ರೆ ಟೀಲಿ ಅದ್ದಿದ ಬಿಸ್ಕತ್ತಾಗುತ್ತೆ. ದುಡ್ಡು ಕಮ್ಮಿ ಇದ್ರೆ ಹೊಳಪಲ್ಲಿ ಕಮ್ಮಿ ಮಾಡ್ರಿ, ಸಿಂಕ್ ಕೆಳಗೆ ಯಾಕ್ರೀ ಮಾಡ್ತೀರ?”

“ಸಾರ್, ಟೇಪ್ ಕೀಳಬೇಡಿ, ಡಿಸ್ಪ್ಲೇ ಪೀಸ್ ಅದು” ಅಂದ ರವಿಕುಮಾರ. ನಾನು ಇನ್ನೊಂದು ಬಾಗಿಲು ತೆಗೆದೆ. ಅವನ ಬೆಂಗಳೂರು ಕನ್ನಡ ಜಾರಿತು. “ಏ ಬಿಡ್ರೀ, ಏನ್ ಮಾಡಾಕ್ಹತ್ತೀರಿ! ನನ್ ಪಗಾರದಾಗ ಹಿಡಿತಾರ್ರೀ!”

“ಮುತ್ತು, ಮರ್ಯಾದೆಯಿಂದ ಎದ್ದೇಳು” ಅಂದ ಅಣ್ಣ ಹಲ್ಲು ಕಚ್ಚಿ.

ನಾವಿಬ್ಬರೂ ಹಲ್ಲು ಕಚ್ಚುತ್ತಿರುವಾಗ ಅವ್ವ ಆ ಕಟ್ಟೆಯ ಮುಂದೆ ನಿಂತು, ಎರಡೂ ಕೈ ಎತ್ತಿ ಅದರ ಮೇಲಿಟ್ಟಳು.

“ಬ್ಯಾಂಕ್ ಕೌಂಟರ್ ಇದ್ದಂಗೈತಲ್ಲಪ್ಪ. ಎತ್ತರ ಆಯ್ತು.”

“ಸ್ಟ್ಯಾಂಡರ್ಡ್ ಹೈಟ್ ಆಂಟಿ. ಮೂವತ್ತನಾಲ್ಕು ಇಂಚು. ಎಲ್ಲಾ ಕಡೆ ಇದೇ.”

“ಅಭ್ಯಾಸ ಆಗುತ್ತೆ ಬಿಡವ್ವ” ಅಂದ ಅಣ್ಣ.

ನನ್ನ ಮೂಗು ಬೋರ್ಡಿನೊಳಗಿತ್ತು. ಅವತ್ತು ಅವ್ವ ಆಡಿದ ಮಾತು ಅದೊಂದೇ, ಅದನ್ನು ಬಿಟ್ಟು ಉಳಿದದ್ದೆಲ್ಲ ನಾನು ಕೇಳಿಸಿಕೊಂಡೆ.

ಮನೆಗೆ ಬಂದ ಮೇಲೆ ಮೂರು ದಿನ ಜಗಳ. ಬೆಳಗ್ಗೆ ಕಾಫಿಗೆ ಶುರುವಾಗಿ, ಆಫೀಸಿಗೆ ಹೊರಡುವಾಗ ನಿಂತು, ಸಂಜೆ ಮತ್ತೆ ಹತ್ತಿಕೊಳ್ಳುತ್ತಿತ್ತು.

“ವಾರಂಟಿ ಕೊಡ್ತಾನೆ ಅವ್ನು. ನೀನೇನು ಕೊಡ್ತೀಯ?”

“ನಾನು ಇಲ್ಲೇ ಸಾಯ್ತೀನಲ್ಲೋ, ಅದೇ ವಾರಂಟಿ!”

“ಶಾಲಿನಿ ಅಪ್ಪ ಅಮ್ಮ ಬಂದಾಗ ತೋರಿಸೋ ಹಂಗಿರ್ಬೇಕು ಕಣೋ. ನಿಮ್ಮ ಶೆಡ್ಡಿನ ಮಾಲು ನಂಗೆ ಗೊತ್ತಿಲ್ವಾ?”

“ನನ್ನ ಅಪ್ಪ ಅಮ್ಮನ್ನ ಯಾಕೆ ಎಳೀತೀರ?” ಅಂದರು ಅತ್ತಿಗೆ ಒಳಗಿನಿಂದ. “ಬಚ್ಚಲಿಗೆ ಚಿಲಕ ಹಾಕಿಸಿ ಮೊದ್ಲು, ಅವರು ಬಂದಾಗ ಅದು ಮುಖ್ಯ.”

ನಾಲ್ಕನೇ ದಿನ ಅಣ್ಣ ಅವ್ವನಿಂದ ಚೆಕ್ಕಿಗೆ ರುಜು ಹಾಕಿಸಿಕೊಂಡು ಹೋಗಿ ಅಡ್ವಾನ್ಸು ಕಟ್ಟಿ ಬಂದ. ನಾನು ಅವನ ಜೊತೆ ಮಾತು ಬಿಟ್ಟೆ. ಮನೆಯಲ್ಲಿ ಊಟವನ್ನೂ ಬಿಟ್ಟೆ. ಅವ್ವ ಡಬ್ಬಿಗೆ ಹಾಕಿಟ್ಟದ್ದನ್ನು ಮಾತ್ರ ಎತ್ತಿಕೊಂಡು ಶೆಡ್ಡಿಗೆ ಹೋಗಿ ತಿನ್ನುತ್ತಿದ್ದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ ಅಂದುಕೊಂಡಿದ್ದೆ. ಇತ್ತು. ರುಜು ಹಾಕಿದ್ದು ಅವಳೇ ಅಲ್ಲವಾ!

ಎರಡು ವಾರ ಕಳೆದು ಒಂದು ಬೆಳಗ್ಗೆ ಪಿಳ್ಳಣ್ಣ ನನ್ನ ಮುಂದೆ ಒಂದು ಸ್ಲಿಪ್ಪು ಎಸೆದ. ಸಣ್ಣಪುಟ್ಟ ಶೋರೂಮುಗಳಿಗೆಲ್ಲ ಸ್ವಂತ ಫ್ಯಾಕ್ಟರಿ ಎಲ್ಲಿದೆ? ಅಂಗಡಿ ಮುಂದಿನ ಬೋರ್ಡಿನಲ್ಲಿ ಇಟಲಿ ಅಂತ ಬರೆದು, ಕೆಲಸವನ್ನು ನಮ್ಮಂಥ ತಗಡಿನ ಶೆಡ್ಡುಗಳಿಗೆ ಕೊಡುತ್ತಾರೆ. ಸ್ಲಿಪ್ಪಿನಲ್ಲಿ ಹೀಗಿತ್ತು: ಯಡಿಯೂರು. ಎಂಟಡಿ, ಆರಡಿ, ಎಲ್ ಆಕಾರ. ಕಿಟಕಿ ಮೂರಡಿ ಬಿಟ್ಟು. ಬಾಗಿಲು ವೈನ್. ಸಿಂಕಿನ ಬಾಕ್ಸು ಸಾದಾ ಬೋರ್ಡು. ಎತ್ತರ ಮೂವತ್ತನಾಲ್ಕು.

ಎಂಟಡಿ, ಆರಡಿ, ಕಿಟಕಿ ಮೂರಡಿ. ಹುಟ್ಟಿದಾಗಿನಿಂದ ನೋಡಿದ ಗೋಡೆಯ ಗುರುತು ಸಿಗುವುದಕ್ಕೆ ಹೆಸರು ಬೇಕಾ?

“ಪಿಳ್ಳಣ್ಣ, ಇದು ನಮ್ಮನೇದು.”

ಪಿಳ್ಳಣ್ಣ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ. “ಲೇ ಮಗಾ! ನಿಮ್ಮಣ್ಣ ಅವ್ನಿಗೆ ಎಷ್ಟು ಕೊಟ್ಟ?”

“ಐವತ್ತೆಂಟು.”

“ನಂಗೆ ಕೊಡ್ತಿರೋದು ಇಪ್ಪತ್ತಮೂರು.” ನಗು ನಿಲ್ಲಿಸಿದ. “ನೋಡಪ್ಪ, ನಾನು ಸ್ಲಿಪ್ಪಲ್ಲಿ ಇದ್ದಂಗೆ ಮಾಡ್ಬೇಕು. ನಿಮ್ಮಣ್ಣ ಶೋರೂಮಿಗೆ ಒಂದು ಫೋನ್ ಮಾಡಿ ಅಳತೆ ಬದ್ಲಾಯಿಸು ಅಂದ್ರೆ ಬದ್ಲಾಯಿಸ್ತಾರೆ, ಇನ್ನೂ ಕುಯ್ದಿಲ್ವಲ್ಲ. ಸಿಂಕ್ ಬಾಕ್ಸಿಗೆ ಪ್ಲೈ ಬೇಕಾದ್ರೆ ಒಂಬೈನೂರು ಎಕ್ಸ್ಟ್ರಾ. ಹೋಗು, ಫೋನ್ ಮಾಡ್ಕೊಂಡು ಬಾ. ಮಧ್ಯಾಹ್ನದವರ್ಗೂ ಮಿಷನ್ ಹಾಕಲ್ಲ.”

ಪೆನ್ಸಿಲು ತೆಗೆದು ಒಂದು ತುಂಡು ಹಲಗೆಯ ಮೇಲೆ ಬರೆದೆ. ಕಟ್ಟೆ ಮೂವತ್ತನಾಲ್ಕು. ಸ್ಟೌವು ಐದು. ಹಿಟ್ಟಿನ ಪಾತ್ರೆ ಎಂಟು. ಒಟ್ಟು ನಲವತ್ತೇಳು. ಅವ್ವನ ಭುಜ ನಲವತ್ತಾರು ಇರಬಹುದು. ಮುದ್ದೆ ಅಂದರೆ ಸಾರು ತಿರುವಿದ ಹಾಗಲ್ಲ. ಬೇಯುವ ಹಿಟ್ಟಿಗೆ ಕೋಲು ಹಾಕಿ, ಮೇಲಿನಿಂದ ಮೈಭಾರ ಬಿಟ್ಟು ತೊಳಸಬೇಕು. ಭುಜಕ್ಕಿಂತ ಮೇಲಿರುವ ಪಾತ್ರೆಗೆ ಮೈಭಾರ ಬಿಡುವುದು ಹೇಗೆ? ಲೆಕ್ಕ ಇಷ್ಟೇ. ಒಂಬತ್ತನೇ ಕ್ಲಾಸು ದಾಟದವನಿಗೂ ಗೊತ್ತಾಗುವ ಲೆಕ್ಕ.

ಸಾರಕ್ಕಿ ಸಿಗ್ನಲ್ಲಿನ ಹತ್ತಿರದ ಕಾಯಿನ್ ಬೂತಿಗೆ ಹೋದೆ. ಅಣ್ಣನ ಆಫೀಸು ನಂಬರು ಬಾಯಿಪಾಠ. ಒಂದು ರೂಪಾಯಿ ಬೆರಳಲ್ಲಿ ಹಿಡಿದುಕೊಂಡು ನಿಂತೆ. ‘ಅಣ್ಣ, ನಾನು ಮುತ್ತು’ ಅನ್ನಬೇಕು. ಎರಡು ವಾರದಿಂದ ಮಾತಿಲ್ಲ. ಅವನು ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾನೆ, ಆಮೇಲೆ ‘ಏನಪ್ಪ, ಬಡಗಿಗಳು?’ ಅನ್ನುತ್ತಾನೆ. ಅದು ಕಿವಿಯಲ್ಲಿ ಕೇಳಿಸಿಯೇಬಿಟ್ಟಿತು. ನಾಣ್ಯ ಜೇಬಿಗೆ ಹಾಕಿಕೊಂಡು ಹಿಂದಕ್ಕೆ ಬಂದೆ. ಅದೇ ರೂಪಾಯಿಗೆ ಅರ್ಧ ಟೀ ಕುಡಿದೆ.

“ಮಾಡಿದ್ಯಾ?” ಅಂದ ಪಿಳ್ಳಣ್ಣ.

“ಸ್ಲಿಪ್ಪಲ್ಲಿ ಇರೋ ಹಂಗೇ ಕುಯ್ತೀನಿ. ಅನುಭವಿಸ್ಲಿ.”

ಪಿಳ್ಳಣ್ಣ ನನ್ನ ಮುಖ ನೋಡಿದ. “ಯಾರು ಅನುಭವಿಸೋದು?”

ನಾನು ಮಿಷನ್ನು ಹಾಕಿದೆ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಒಂದು ಹಲಗೆಯೂ ಕೂದಲೆಳೆ ಆಚೀಚೆ ಆಗದಂತೆ ಕುಯ್ದೆ. ನನ್ನ ಜನ್ಮದಲ್ಲಿ ಅಷ್ಟು ನೀಟಾದ ಕೆಲಸ ಮಾಡಿರಲಿಲ್ಲ.

ಜೋಡಿಸುವ ದಿನ ನಾನು ಮನೆಯಲ್ಲಿ ಇರಲಿಲ್ಲ, ಬೇಕೆಂದೇ. ಸಂಜೆ ಬಂದರೆ ತಾತನ ಕಟ್ಟೆ ಹೋಗಿತ್ತು. ಇಟ್ಟಿಗೆ ಮೂಟೆಯಲ್ಲಿ, ಕಡಪ ಕಲ್ಲು ಬಚ್ಚಲಿನ ಹಿಂದೆ ಗೋಡೆಗೆ ಒರಗಿ. ಕಲ್ಲು ಒಡೆಯಬೇಡಿ ಎಂದು ಅವ್ವ ಕೆಲಸದವರ ಹತ್ತಿರ ಜಗಳ ಆಡಿದಳಂತೆ. ಅಡುಗೆಮನೆ ತುಂಬ ವೈನ್ ಬಣ್ಣ. ಅಕ್ಕಪಕ್ಕದವರು ಬಂದು ಕಪಾಟಿನ ಬಾಗಿಲು ತೆಗೆದು ಹಾಕಿ, ಅವ್ವನ ಕಡೆ ನೋಡಿ “ತಿಮ್ಮಕ್ಕಂಗೆ ಬಂತಪ್ಪ ಕಾಲ” ಅಂದು ಹೋದರು. ಅಣ್ಣ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಮೊದಲ ವಾರ ಅನ್ನ, ತಿಳಿಸಾರು. ಎರಡನೇ ವಾರವೂ ಅನ್ನ. ಒಂದು ದಿನ ಉಪ್ಪಿಟ್ಟು. ಅವ್ವ ಪಾತ್ರೆ ತೊಳೆಯುವಾಗ ನೀರು ಮೊಣಕೈಯಿಂದ ಇಳಿದು ಕಂಕುಳವರೆಗೂ ಒದ್ದೆಯಾಗುತ್ತಿತ್ತು. ಆದರೂ ಸಿಂಕು ಚೆನ್ನಾಗಿದೆ ಅನ್ನುತ್ತಿದ್ದಳು. ಒಗ್ಗರಣೆ ಹಾಕುವಾಗ ತುದಿಗಾಲಲ್ಲಿ ನಿಲ್ಲುತ್ತಿದ್ದಳು. ನಾನು ನೋಡುತ್ತಿದ್ದೆ. ‘ಆಗಲಿ, ಅಣ್ಣನೂ ನೋಡಲಿ’ ಎಂದುಕೊಳ್ಳುತ್ತಿದ್ದೆ. ಅಣ್ಣ ತಟ್ಟೆ ಮಾತ್ರ ನೋಡುತ್ತಿದ್ದ.

ಮೂರನೇ ವಾರದ ಸೋಮವಾರ ಬೆಳಗ್ಗೆ ಅಪ್ಪ ರೇಗಿದ. “ಹದಿನೈದು ದಿನ ಆಯ್ತು ಮುದ್ದೆ ಮುಖ ನೋಡಿ. ಇದೇನು ಮನೆಯೋ ಆಸ್ಪತ್ರೆಯೋ?”

“ಮುದ್ದೆ ಬೇಕಾದ್ರೆ ಬಂದು ತೊಳಸ್ರಿ. ನೀವು ಉದ್ದ ಇದ್ದೀರಲ್ಲ.”

“ಐವತ್ತೆಂಟು ಸಾವಿರ ಸುರಿದು, ಕೊನೆಗೆ ನಾನು ತೊಳಸ್ಬೇಕಾ?”

“ಸುರಿದಿದ್ದು ನಂದು, ನಿಮ್ದಲ್ಲ” ಅಂದಳು ಅವ್ವ. ಆದರೂ ಸ್ಟೌವಿನ ಮೇಲೆ ನೀರಿಟ್ಟಳು. ಊಟಕ್ಕೆ ಕೂರುವ ಮಣೆ ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತಳು.

ನಾನು ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದೆ. ಹಿಟ್ಟಿನ ಕೋಲು ಪಾತ್ರೆಗೆ ಬಡಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಮಣೆ ಟೈಲ್ಸಿನ ಮೇಲೆ ಜಾರಿದ ಸದ್ದು. ಆಮೇಲೆ ಪಾತ್ರೆ.

ಓಡಿಬಂದಾಗ ಅವ್ವ ನೆಲದಲ್ಲಿದ್ದಳು. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಿಟ್ಟು ಮೆತ್ತಿಕೊಂಡಿತ್ತು. ಬೇಯುವ ಹಿಟ್ಟು ನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಅವಳು ಕೂಗಲಿಲ್ಲ. ಹಲ್ಲಿನ ಮಧ್ಯೆ ಉಸಿರೆಳೆಯುತ್ತಿದ್ದಳು. ಅತ್ತಿಗೆ ನನ್ನನ್ನು ತಳ್ಳಿ ಒಳಗೆ ನುಗ್ಗಿ, ಅವ್ವನನ್ನು ಎತ್ತಿ, ಕೈಯನ್ನು ನಲ್ಲಿ ಕೆಳಗೆ ಹಿಡಿದರು.

“ಏನ್ ನೋಡ್ತಾ ನಿಂತಿದೀಯ? ಆಟೋ ಕರೀ!”

ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ವಾಪಸು ಬಂದೆವು. ಅಣ್ಣ ಆಫೀಸಿನಿಂದ ಓಡಿ ಬಂದಿದ್ದ. ಅವ್ವ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ವೈನ್ ಬಾಗಿಲುಗಳ ಮೇಲೆ ರಾಗಿ ಹಿಟ್ಟು ಒಣಗಿ ಕೆಸರಿನಂತೆ ಅಂಟಿತ್ತು.

“ಮಣೆ ಮೇಲೆ ಯಾರಾದ್ರೂ ನಿಲ್ತಾರಾ?” ಅಂದ ಅಣ್ಣ. ಹೆದರಿದರೆ ಅವನು ಬೈಯುತ್ತಾನೆ. “ಸ್ವಲ್ಪ ನೋಡ್ಕೊಂಡು ಮಾಡಬಾರ್ದಾ ಅವ್ವ?”

ನನ್ನ ತಲೆಗೆ ರಕ್ತ ಹತ್ತಿತು. “ಅವಳು ನೋಡ್ಬೇಕಾ? ನೀನು ನೋಡ್ದ್ಯಾ? ಬ್ಯಾಂಕ್ ಕೌಂಟರ್ ಥರ ಕಟ್ಟೆ ತಂದಿಟ್ಟಿದೀಯ! ಬಾ ಇಲ್ಲಿ, ನಿನ್ನ ಹತ್ತು ವರ್ಷ ವಾರಂಟಿ ತೋರಿಸ್ತೀನಿ ಬಾ!” ಸಿಂಕಿನ ಕೆಳಗಿನ ಬಾಗಿಲು ಕಿತ್ತು ತೆಗೆದೆ. ಪೈಪು ಜಿನುಗಿದ ಕಡೆ ಹಲಗೆಯ ಅಂಚು ಆಗಲೇ ಊದಿಕೊಂಡಿತ್ತು. ಹೆಬ್ಬೆರಳಿನಲ್ಲಿ ಒತ್ತಿದೆ, ಒಳಕ್ಕೆ ಹೋಯಿತು. “ನೋಡು! ಬಿಸ್ಕತ್ತು! ಹೇಳಿರ್ಲಿಲ್ವಾ ನಾನು?”

“ನಿಂಗೆ ಹೆಂಗೋ ಗೊತ್ತು ಇಲ್ಲೇ ಊದುತ್ತೆ ಅಂತ?”

“ನಾನೇ ಕುಯ್ದಿದ್ದು! ನಮ್ಮ ಶೆಡ್ಡಿಗೇ ಬಂದಿದ್ದು ಕಣೋ ನಿನ್ನ ಇಟಲಿ ಮಾಲು! ಇಪ್ಪತ್ತಮೂರು ಸಾವಿರಕ್ಕೆ!”

ಗೆದ್ದೆ ಅನ್ನಿಸಿತು. ಅಣ್ಣನ ಬಾಯಿ ತೆರೆದೇ ಇತ್ತು. ಇದಕ್ಕಾಗಿ ನಾನು ಒಂದೂವರೆ ತಿಂಗಳು ಕಾದಿದ್ದೆ.

“ಮುತ್ತು” ಅಂದಳು ಅವ್ವ ಕೂತಲ್ಲಿಂದಲೇ. “ನೀನೇ ಕುಯ್ದಿದ್ದಾ?”

“ಹೂಂ ಅವ್ವ. ಸ್ಲಿಪ್ಪಲ್ಲಿ ಹಂಗಿತ್ತು.”

“ಎತ್ತರಾನೂ?”

ಸಿಂಕಿನ ಕೆಳಗಿನ ಬಾಗಿಲು ಮುಚ್ಚಿದೆ.

“ಕೇಳಿದ್ದು ಕೇಳಿಸ್ತಾ? ಇದು ನಮ್ಮನೇದು ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಎಷ್ಟೆತ್ತರ ಅಂತ ಗೊತ್ತಿತ್ತಾ?”

“ಗೊತ್ತಿತ್ತು” ಅಂದೆ. ಸುಳ್ಳು ಬಾಯಿಗೆ ಬರಲಿಲ್ಲ. “ಲೆಕ್ಕಾನೂ ಹಾಕಿದ್ದೆ.”

ಅಣ್ಣ ನನ್ನ ಕಾಲರಿಗೆ ಕೈ ಹಾಕಿದ. “ಲೋ ಪಾಪಿ...”

“ಬಿಡೋ ಅವನ್ನ!” ಅವ್ವನ ಗಂಟಲು ಅಷ್ಟು ಜೋರಾಗಿದ್ದದ್ದು ನಾನು ಕೇಳಿರಲಿಲ್ಲ. ಹಜಾರದಲ್ಲಿ ಬುದ್ಧನ ಫೋಟೋದ ಕೆಳಗೆ ಕೂತಿದ್ದ ಅಪ್ಪನೂ ಎದ್ದು ನಿಂತ. “ಹದಿನೇಳು ವರ್ಷ ನಿಂತು ತಂದಿದ್ದು ಕಣ್ರೋ ಆ ದುಡ್ಡು! ನೀವಿಬ್ರೂ ಅದ್ರಲ್ಲಿ ಅಡುಗೆಮನೆ ಕೊಂಡ್ಕೊಳ್ಳಿಲ್ಲ. ಜಗಳ ಕೊಂಡ್ಕೊಂಡ್ರಿ. ಕಲರ್ ಯಾವ್ದು ಅಂತ ಕೇಳಿದ್ರಿ, ಬೋರ್ಡ್ ಯಾವ್ದು ಅಂತ ಕೇಳಿದ್ರಿ. ನಿಂತ್ಕೋ ಅವ್ವ ಅಂತ ಒಬ್ರಾದ್ರೂ ಅಂದ್ರಾ? ಅಂದ್ರೇನೋ?”

ಅಣ್ಣನ ಕೈ ನನ್ನ ಕಾಲರಿನಿಂದ ಕೆಳಗಿಳಿಯಿತು.

“ಇವನು ತಿಳೀದೆ ಮಾಡ್ದ” ಅಂದಳು ಅಣ್ಣನ ಕಡೆ ಗದ್ದ ತೋರಿಸಿ. ಆಮೇಲೆ ನನ್ನನ್ನು ನೋಡಿದಳು. “ಇವನಿಗೆ ಗೊತ್ತಿರ್ಲಿಲ್ಲ. ನಿಂಗೊತ್ತಿತ್ತು.”

ಮರುದಿನ ಅಣ್ಣ ಶೋರೂಮಿಗೆ ಹೋಗಿ ಕೂಗಾಡಿ ಬಂದ. ನಾನೂ ಹೋಗಿದ್ದೆ, ಹೊರಗೆ ನಿಂತಿದ್ದೆ. ರವಿಕುಮಾರ ಫೈಲು ತೆಗೆದು ಅಣ್ಣನ ರುಜು ತೋರಿಸಿದನಂತೆ. ಎತ್ತರ ಇಳಿಸಬೇಕಾದರೆ ಎಂಟು ಸಾವಿರ, ಊದಿದ ಬೋರ್ಡಿಗೆ ವಾರಂಟಿ ಇಲ್ಲ, ನೀರು ಬಿಟ್ಟಿದ್ದು ಗಿರಾಕಿ ತಪ್ಪು. ಟೀ ಕುಡಿಯಲು ಹೊರಗೆ ಬಂದವನು ನನ್ನನ್ನು ಗುರುತು ಹಿಡಿದ. “ನೀವು ಅವತ್ತು ಹೇಳಿದ್ದು ಖರೇ ಇತ್ರಿ. ಬಿಟಿಎಮ್ಮಿನಾಗ ನಾಕ್ ಮಂದಿ ಒಂದ್ ಖೋಲ್ಯಾಗ ಇರ್ತೀವಿ. ಖರೇ ಹೇಳಿದ್ರ ಬಾಡಿಗಿ ಯಾರ್ ಕೊಡ್ತಾರ?” ಬೈಯಬೇಕೆಂದು ಬಾಯಿ ತೆರೆದೆ. ಅವನಿಗಾದರೂ ಬಾಡಿಗೆಯ ನೆಪ ಇತ್ತು. ನನಗೆ ಏನಿತ್ತು?

ಆ ವಾರ ಅತ್ತಿಗೆಯೇ ಮುದ್ದೆ ತೊಳಸಿದರು. ಅವರಿಗೆ ಎತ್ತರ ಸರಿಹೋಗುತ್ತಿತ್ತು, ಕೈ ಪಳಗಿರಲಿಲ್ಲ. ಮುದ್ದೆಯ ತುಂಬ ಗಂಟು. ಅಪ್ಪ ಒಂದೊಂದು ಗಂಟನ್ನೂ ಬಾಯಿ ಮುಚ್ಚಿಕೊಂಡು ನುಂಗಿದ. ಅವ್ವ ನನ್ನ ಜೊತೆ ಮಾತಾಡಲಿಲ್ಲ. ಎಡಗೈಯಲ್ಲೇ ನನ್ನ ತಟ್ಟೆ ಇಟ್ಟು ಹೋಗುತ್ತಿದ್ದಳು, ಉಣ್ಣು ಅನ್ನುತ್ತಿರಲಿಲ್ಲ. ಅವಳು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ.

ಶನಿವಾರ ಪಿಳ್ಳಣ್ಣನ ಹತ್ತಿರ ಕೂಲಿಯ ಬದಲು ಎರಡು ಹಾಳೆ ಪ್ಲೈವುಡ್ ಕೇಳಿದೆ. ಅವನು ಕಾರಣ ಕೇಳಲಿಲ್ಲ. ಒಳ್ಳೆಯದನ್ನೇ ಆರಿಸಿ ಕೊಟ್ಟ. ಭಾನುವಾರ ಬೆಳಗ್ಗೆ ಅದನ್ನು ತಳ್ಳುಗಾಡಿಯಲ್ಲಿ ಮನೆಗೆ ತಂದೆ. ಸಿಂಕಿನ ಕಡೆ ಹಾಗೇ ಬಿಟ್ಟು ಕೊಳೆತ ಬಾಕ್ಸು ಮಾತ್ರ ಬದಲಾಯಿಸುವುದು. ಸ್ಟೌವಿನ ಕಡೆಯ ಗ್ರಾನೈಟು ಎತ್ತಿ, ಎರಡು ಬಾಕ್ಸು ಕಿತ್ತು, ತಗ್ಗಾಗಿ ಹೊಸದು ಮಾಡಿ, ಬಚ್ಚಲ ಹಿಂದಿನ ತಾತನ ಕಡಪ ಕಲ್ಲನ್ನೇ ಮತ್ತೆ ಕೂರಿಸುವುದು. ಅಣ್ಣ ಲುಂಗಿ ಎತ್ತಿ ಕಟ್ಟಿಕೊಂಡು ಬಂದು ಗ್ರಾನೈಟಿನ ಒಂದು ತುದಿ ಹಿಡಿದ. ನಾನು ಇನ್ನೊಂದು ತುದಿ ಹಿಡಿದೆ.

“ಎತ್ತು ಅಂದಾಗ ಎತ್ತು” ಅಂದೆ.

“ಹೇಳ್ಬೇಕಾಗಿಲ್ಲ” ಅಂದ.

ಕಲ್ಲು ಇಳಿಸಿಟ್ಟ ಮೇಲೆ ನಾನು ಟೇಪು ತೆಗೆದುಕೊಂಡು ಅವ್ವನ ಹತ್ತಿರ ಹೋದೆ. ಅವಳು ಹಜಾರದಲ್ಲಿ ಎಡಗೈಯಲ್ಲಿ ಬೆಳ್ಳುಳ್ಳಿ ಸುಲಿಯಲು ಒದ್ದಾಡುತ್ತಿದ್ದಳು.

“ಅವ್ವ, ಬಾ. ಇಲ್ಲಿ ನಿಂತ್ಕೋ. ಅಳತೆ ತಗೋತೀನಿ.”

ಅವಳು ಟೇಪು ನೋಡಿದಳು, ನನ್ನ ಮುಖ ನೋಡಿದಳು. ಆರು ದಿನದ ಮೇಲೆ ಮೊದಲ ಸಲ ನನಗೆಂದು ಮಾತಾಡಿದಳು.

“ಬಚ್ಚಲಿಗೆ ಮೊದ್ಲು ಚಿಲಕ ಹಾಕು.”

“ಅವ್ವ, ಇದು ಅರ್ಧ ಮಾಡಿ ಬಿಟ್ರೆ...”

“ಚಿಲಕ ಹಾಕು. ಆಮೇಲೆ ನಿಂತ್ಕೋತೀನಿ. ನಿನ್ನ ಮಾತಿನ ಮೇಲೆ ನಂಗೆ ನಂಬಿಕೆ ಹೋಗೈತೆ.”

ಅತ್ತಿಗೆ ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದರು. ಅಣ್ಣನ ಮುಖದಲ್ಲಿ ನಗು ಬರುತ್ತಿತ್ತು, ತಡೆದುಕೊಂಡ. ನಾನು ಯಡಿಯೂರು ಸರ್ಕಲ್ಲಿಗೆ ಹೋಗಿ ಹಾರ್ಡ್‌ವೇರ್ ಅಂಗಡಿ ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತು ಕಾದು, ಆರಿಂಚಿನ ಹಿತ್ತಾಳೆ ಚಿಲಕ ತಂದೆ. ಬಾಗಿಲಿನ ಹಳೇ ತೂತುಗಳು ಹಿಗ್ಗಿಹೋಗಿದ್ದವು. ಮರದ ಚಕ್ಕೆ ಹೊಡೆದು ಮುಚ್ಚಿ, ಹೊಸ ತೂತು ಕೊರೆದು, ನಾಲ್ಕು ಸ್ಕ್ರೂ ಬಿಗಿದೆ. ಅರ್ಧ ಗಂಟೆಯೂ ಆಗಲಿಲ್ಲ. ಇಪ್ಪತ್ತು ನಿಮಿಷ.

ಅವ್ವ ಬಂದು ಚಿಲಕವನ್ನು ಎರಡು ಸಲ ಎಳೆದು ನೋಡಿದಳು. ಹೊಗಳಲಿಲ್ಲ. ಬ್ಯಾಂಡೇಜಿಗೆ ಪ್ಲಾಸ್ಟಿಕ್ ಕವರು ಕಟ್ಟಿಸಿಕೊಂಡು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಒಳಗೆ ಹೋದಳು. ಬಾಗಿಲಿಗೆ ಬಕೀಟು ಎಳೆಯುವ ಸದ್ದು ಬರಲಿಲ್ಲ. ಚಿಲಕ ಸರಿದ ಸದ್ದು ಬಂತು.

ನಾನು ಟೇಪು ಹಿಡಿದುಕೊಂಡು ಹೊರಗೆ ನಿಂತೆ. ಒಳಗೆ ನೀರು ಸುರಿಯುವ ಸದ್ದು, ನಿಂತಿತು, ಮತ್ತೆ ಶುರುವಾಯಿತು. ಅವಳಿಗೆ ಯಾವ ಅವಸರವೂ ಇರಲಿಲ್ಲ.